ಮಾತನಾಡದ ಅರ್ಜಿ

ಕಳೆದ ಶ್ರಾವಣ ಮಾಸದ ಒಂದು ಸಾಯಂಕಾಲ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬನು ದೂರವಾಣಿಯಲ್ಲಿ ನನ್ನನ್ನು ಕರೆದನು. ಜನ್ಮಾಂಧನಾದ ಆತನು ಇಂದು ಬೇರೆ ಜಿಲ್ಲೆಯೊಂದರಲ್ಲಿ ಸಂಗೀತ ಶಿಕ್ಷಕನಾಗಿದ್ದಾನೆ. ಲಿಂಗೈಕ್ಯರಾದ ತನ್ನ ತಾಯಿಯ ಹೆಸರಿನಲ್ಲಿ ನಮ್ಮ ಪ್ರಸಾದನಿಲಯಕ್ಕೆ 5,001 ರೂಪಾಯಿಗಳನ್ನು ಸಲ್ಲಿಸಬೇಕೆಂಬುದು ಆತನ ಸಂಕಲ್ಪ. ಅದಕ್ಕಾಗಿ ಸಂಸ್ಥೆಯ ಜಾಲತಾಣದಲ್ಲಿರುವ ಕಾಣಿಕೆಯ ಅರ್ಜಿಯನ್ನು ತುಂಬಲು ಎರಡು ದಿನ ಹೆಣಗಿದ್ದನು. “ಗುರುಗಳೇ, ಅರ್ಜಿ ಮಾತಾಡವಲ್ದರಿ” ಎಂದನು. “ಅರ್ಜಿ ಯಾಕ ಮಾತಾಡತೈತೋ ತಮ್ಮಾ?” ಎಂದು ನಾನು ನಕ್ಕುಬಿಟ್ಟೆನು. ಆ ನಗೆಗಾಗಿ ಈಗಲೂ ನನಗೆ ನಾಚಿಕೆಯಾಗುತ್ತದೆ.

ಅಂಧರು ಗಣಕಯಂತ್ರವನ್ನು ಬಳಸುವ ಬಗೆಯನ್ನು ನಮ್ಮಲ್ಲಿ ಅನೇಕರು ಅರಿಯರು, ನಾನೂ ಅರಿತಿರಲಿಲ್ಲ. ತೆರೆಯ ಮೇಲಿನ ಬರೆಹವನ್ನು ಧ್ವನಿಯಾಗಿ ಪರಿವರ್ತಿಸಿ ಓದಿ ಹೇಳುವ ತಂತ್ರಾಂಶಕ್ಕೆ ಸ್ಕ್ರೀನ್ ರೀಡರ್ ಎಂದು ಹೆಸರು. ಅವುಗಳಲ್ಲಿ ಎನ್‌ವಿಡಿಎ ಎಂಬುದನ್ನು 2006ರಲ್ಲಿ ಆಸ್ಟ್ರೇಲಿಯದ ಮೈಕೆಲ್ ಕರನ್ ಎಂಬ ಅಂಧ ತರುಣನು ರಚಿಸತೊಡಗಿದನು. ಆತನ ಜೊತೆಗೂಡಿದ ಜೇಮ್ಸ್ ಟೆ ಎಂಬಾತನೂ ಅಂಧನೇ. ಅದು ಎಲ್ಲರಿಗೂ ಉಚಿತವಾಗಿ ದೊರೆಯುತ್ತದೆ, ಕನ್ನಡವನ್ನೂ ಓದುತ್ತದೆ. ಅಂಧನ ಕೈಯಲ್ಲಿ ಮೌಸ್ ಇರುವುದಿಲ್ಲ. ಕೀಲಿಮಣೆಯ ಟ್ಯಾಬ್ ಕೀಲಿಯನ್ನು ಒತ್ತುತ್ತ ಆತನು ಅರ್ಜಿಯ ಒಂದೊಂದೇ ಅಂಕಣಕ್ಕೆ ಇಳಿಯುತ್ತಾನೆ. ಯಂತ್ರವು ಆ ಅಂಕಣದ ಹೆಸರನ್ನು ಕಿವಿಯಲ್ಲಿ ಉಸುರುತ್ತದೆ.

ತೊಡಕು ಇರುವುದು ಇಲ್ಲಿಯೇ. ಅಂಕಣದ ಪಕ್ಕದಲ್ಲಿ “ಹೆಸರು” ಎಂದು ಬರೆದಿದ್ದರೆ ಕಣ್ಣುಳ್ಳವನಿಗೆ ಸಾಕು, ಸಾಮೀಪ್ಯದಿಂದಲೇ ಸಂಬಂಧವನ್ನು ಊಹಿಸಿಕೊಳ್ಳುತ್ತಾನೆ. ಯಂತ್ರಕ್ಕೆ ಆ ಊಹೆ ನೆಚ್ಚಿಕೊಳ್ಳುವಂಥದಲ್ಲ. ಈ ಬರೆಹವು ಈ ಅಂಕಣದ್ದು ಎಂದು ಪುಟದ ಒಳಸಂಕೇತದಲ್ಲಿ ಎರಡನ್ನೂ ಗಂಟು ಹಾಕಿರಬೇಕು. ಅದನ್ನು ಲೇಬಲ್ ಎನ್ನುತ್ತಾರೆ. ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ, ವಿಭಕ್ತಿಪ್ರತ್ಯಯವಿಲ್ಲದ ನಾಮಪದಗಳನ್ನು ಸಾಲಾಗಿ ಇಟ್ಟಂತೆ ನಮ್ಮ ಅರ್ಜಿಯಿತ್ತು. ಯಾವ ಪದಕ್ಕೆ ಯಾವುದು ಸಂಬಂಧಿಸಿದ್ದೆಂದು ತಿಳಿಸುವ ಪ್ರತ್ಯಯವೇ ಇರಲಿಲ್ಲ. ಮರುದಿನ ನಮ್ಮ ಗಣಕ ಶಿಕ್ಷಕರ ಕೊಠಡಿಯಲ್ಲಿ ತೆರೆಯನ್ನು ಆರಿಸಿ, ಆ ತಂತ್ರಾಂಶವನ್ನು ಹಚ್ಚಿ, ನಾನೇ ಕುಳಿತು ನೋಡಿದೆನು, ಅಲ್ಲ, ಕೇಳಿದೆನು. “ಎಡಿಟ್, ಬ್ಲ್ಯಾಂಕ್” ಎಂದಿತು. ಮುಂದಿನದಕ್ಕೂ ಅದೇ, ಅದರ ಮುಂದಿನದಕ್ಕೂ ಅದೇ. ಹೆಸರು ಬರೆಯಬೇಕೋ ಊರು ಬರೆಯಬೇಕೋ ಮೊತ್ತ ಬರೆಯಬೇಕೋ ತಿಳಿಯದೆ ಏನನ್ನೋ ತುಂಬಿ ಕಳುಹಿಸುವ ಗುಂಡಿ ಒತ್ತಿದರೆ ನಿಶ್ಶಬ್ದ. ತಪ್ಪಾದ ಅಂಕಣದ ಸುತ್ತ ಕೆಂಪು ಗೆರೆ ಮೂಡಿತ್ತಂತೆ. ಕೆಂಪು ಬಣ್ಣವು ಕಿವಿಗೆ ಕೇಳಿಸುವುದೆ?

ಇಷ್ಟನ್ನೂ ದಾಟಿದವನಿಗೆ ಕೊನೆಯಲ್ಲಿ ಒಂದು ಪರೀಕ್ಷೆ ಕಾದಿತ್ತು. ಸೊಟ್ಟಸೊಟ್ಟಾಗಿ ತಿರುಚಿದ ಅಕ್ಷರಗಳ ಚಿತ್ರವೊಂದನ್ನು ತೋರಿಸಿ, ಅದನ್ನು ಓದಿ ಬರೆದು ತಾನು ಯಂತ್ರವಲ್ಲ, ಮನುಷ್ಯನೆಂದು ಸಿದ್ಧಪಡಿಸಬೇಕೆಂಬ ನಿಯಮ. ಕ್ಯಾಪ್ಚಾ ಎಂದು ಇದರ ಹೆಸರು. ಕಣ್ಣಿಲ್ಲದವನು ಮನುಷ್ಯನೆಂದು ಒಪ್ಪಲು ನಮ್ಮ ಮಠದ ಅರ್ಜಿ ಸಿದ್ಧವಿರಲಿಲ್ಲ.

ನಮ್ಮ ಕೇಶಿರಾಜನು ಅಕ್ಷರದ ವಿಚಾರವನ್ನು ನಾಭಿಮೂಲದಲ್ಲಿ ಹುಟ್ಟುವ ಶಬ್ದದಿಂದ ಆರಂಭಿಸುತ್ತಾನೆ. ಮೊದಲು ಧ್ವನಿ, ಆಮೇಲೆ ಲಿಪಿ. ಕಿವಿಯಿಂದಲೇ ಪಾಠ ಒಪ್ಪಿಸಿ ಬೆಳೆದ ನಮ್ಮಂಥವರಿಗಾದರೂ ಇದು ಮೊದಲೇ ಹೊಳೆಯಬೇಕಿತ್ತು. ಪ್ರಸಂಗವಶಾತ್ ಇನ್ನೊಂದು ಮಾತು: ನಮ್ಮ ಸುತ್ತೋಲೆಗಳು ಇಂದಿಗೂ ಹಳೆಯ ನುಡಿ ಅಕ್ಷರವಿನ್ಯಾಸದಲ್ಲಿಯೇ ಅಚ್ಚಾಗುತ್ತವೆ. ತೆರೆಯ ಮೇಲೆ ಅವು ಸುಂದರವಾದ ಕನ್ನಡ. ಒಳಗಿರುವುದು ರೋಮನ್ ಅಕ್ಷರ ಮತ್ತು ಚಿಹ್ನೆಗಳ ರಾಶಿ. ಸ್ಕ್ರೀನ್ ರೀಡರ್ ಆ ರಾಶಿಯನ್ನೇ ಓದುತ್ತದೆ. ಯುನಿಕೋಡಿನಲ್ಲಿ ಕನ್ನಡಕ್ಕೆ ಸ್ಥಾನ ದೊರೆತದ್ದು 1991ರಲ್ಲಿ. ಅದರಲ್ಲಿ ಬರೆದರೆ ಕಂಡದ್ದೂ ಕೇಳಿದ್ದೂ ಒಂದೇ ಕನ್ನಡವಾಗುತ್ತದೆ. ಕನ್ನಡದ ಅಭಿಮಾನವನ್ನು ವೇದಿಕೆಯ ಮೇಲೆ ಸಾರುವ ನಾವು ಇಷ್ಟನ್ನು ಮಾಡದಿರುವುದಕ್ಕೆ ಆಲಸ್ಯವಲ್ಲದೆ ಬೇರೆ ಕಾರಣ ನನಗೆ ತೋರದು.

ಈ ವಿಷಯವನ್ನು ಅಧ್ಯಾಪಕರ ಸಭೆಯಲ್ಲಿ ಪ್ರಸ್ತಾಪಿಸಿದಾಗ ಹಿರಿಯ ಸಹೋದ್ಯೋಗಿಯೊಬ್ಬರು, “ಅದಕ್ಕೇನ್ರಿ ಪಂಡಿತರೇ, ಮನ್ಯಾಗ ಯಾರರ ಕಣ್ಣಿದ್ದವರು ತುಂಬಿಕೊಡತಾರ” ಎಂದರು. ಸದುದ್ದೇಶದಿಂದಲೇ ಆಡಿದ ಮಾತು. ಆದರೆ ಅರ್ಜಿಯ ಕೊನೆಗೆ ಬ್ಯಾಂಕಿನ ಲೆಕ್ಕವೂ ಗುಪ್ತಸಂಖ್ಯೆಯೂ ಬರುತ್ತವೆ. ಅವುಗಳನ್ನು ನಾವು ನಮ್ಮ ಮಕ್ಕಳಿಗೂ ಹೇಳುವುದಿಲ್ಲ. ಅಂಧನು ಮಾತ್ರ ಊರಿಗೆಲ್ಲ ಹೇಳಬೇಕೆ? ಎಷ್ಟು ಜನ ಅಂಧರು ನಮ್ಮ ಜಾಲತಾಣಕ್ಕೆ ಬರುತ್ತಾರೆಂಬ ಪ್ರಶ್ನೆಯೂ ಎದ್ದಿತು. ಕದವಿಕ್ಕಿದ ಮನೆಗೆ ಎಷ್ಟು ಜನ ಬರುತ್ತಾರೆಂದು ಎಣಿಸುವುದು ಹೇಗೆ?

ನನ್ನನ್ನು ಹೆಚ್ಚು ಕಾಡಿದ್ದು ಬೇರೊಂದು. ಬ್ರೈಲ್ ಪುಸ್ತಕಕ್ಕೆ, ಊಟಕ್ಕೆ, ವಸತಿಗೆ ನಾವು ಅಂಧ ವಿದ್ಯಾರ್ಥಿಗಳಿಗೆ ಎಂದೂ ಕೊರತೆ ಮಾಡಿದವರಲ್ಲ. ಪಡೆಯುವವರಾಗಿ ಅವರು ನಮಗೆ ಸುಪರಿಚಿತರು. ಕೊಡುವವರಾಗಿ ಬಂದಾರೆಂಬ ಕಲ್ಪನೆ ಮಾತ್ರ ನಮಗಿರಲಿಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ಕಂಡ ನಾಡಿನಲ್ಲಿ ಹೀಗಾದುದು ವಿಸ್ಮಯ. ಹಾನಗಲ್ಲ ಕುಮಾರ ಶಿವಯೋಗಿಗಳ ಆಶ್ರಯದಲ್ಲಿ ಬೆಳೆದ ಪಂಚಾಕ್ಷರ ಗವಾಯಿಗಳು ಅಂಧರು; ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳೂ (1914–2010) ಅಂಧರು. ಪುಟ್ಟರಾಜರು ಕನ್ನಡ, ಸಂಸ್ಕೃತ, ಹಿಂದಿಗಳಲ್ಲಿ ಗ್ರಂಥಗಳನ್ನು ರಚಿಸಿದರು. ಅಂಧರೆಂದು ಅವರಿಬ್ಬರೂ ಅನ್ನ ಬೇಡಲಿಲ್ಲ. ಅಂಧರಿಗೂ ಅನಾಥರಿಗೂ ಅನ್ನವನ್ನೂ ವಿದ್ಯೆಯನ್ನೂ ಇಕ್ಕಿದರು.

ಕಾಯಿದೆಯ ಮಾತನ್ನೂ ಸಂಕ್ಷೇಪವಾಗಿ ಹೇಳಿಬಿಡುತ್ತೇನೆ. ಜಾಲತಾಣಗಳು ಅಂಗವಿಕಲರಿಗೆ ಸುಗಮವಾಗಿರಬೇಕಾದ ಸೂತ್ರಗಳನ್ನು ಡಬ್ಲ್ಯೂ ತ್ರೀ ಸಿ ಎಂಬ ಅಂತರರಾಷ್ಟ್ರೀಯ ಸಂಸ್ಥೆಯು 1999ರಲ್ಲಿಯೇ ಪ್ರಕಟಿಸಿತು. ನಮ್ಮ ದೇಶದಲ್ಲಿ ಅಂಗವಿಕಲರ ಹಕ್ಕುಗಳ ಅಧಿನಿಯಮ 2016ರಲ್ಲಿ ಬಂದಿತು. ಬ್ಯಾಂಕು ಮೊದಲಾದೆಡೆ ಗುರುತು ಪರೀಕ್ಷೆಗಾಗಿ ಮೊಬೈಲಿನ ಮುಂದೆ ಕಣ್ಣು ಮಿಟುಕಿಸಬೇಕೆಂಬ ಪದ್ಧತಿಯಿಂದ ನೊಂದ ಆಮ್ಲದಾಳಿ ಸಂತ್ರಸ್ತರೂ ಅಂಧರೂ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದಾಗ, 2025ರ ಏಪ್ರಿಲ್ 30ರಂದು ನ್ಯಾಯಾಲಯವು ಡಿಜಿಟಲ್ ಸೇವೆಗಳ ಪ್ರವೇಶವು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನ ಅಂಗವೆಂದು ತೀರ್ಪಿತ್ತಿತು. ಆದರೆ ಮಠದ ಸಂಸ್ಥೆಯೊಂದು ತನ್ನ ಬಾಗಿಲು ತೆರೆಯಲು ನ್ಯಾಯಾಲಯದ ಆಜ್ಞೆಗೆ ಕಾಯಬೇಕಾದರೆ ದಾಸೋಹವೆಂಬ ಶಬ್ದವನ್ನು ನಾವು ತುಸು ಅಳೆದು ಬಳಸಬೇಕಾದೀತು.

ವೆಚ್ಚದ ಭಯವಿದ್ದವರಿಗಾಗಿ ನಡೆದುದನ್ನು ತಿಳಿಸುತ್ತೇನೆ. ನಮ್ಮ ಗಣಕ ಶಿಕ್ಷಕರು ಒಂದು ಮಧ್ಯಾಹ್ನದಲ್ಲಿ ಅಂಕಣಗಳಿಗೆಲ್ಲ ಲೇಬಲ್ ಕಟ್ಟಿದರು. ತಪ್ಪನ್ನು ಬಣ್ಣದಿಂದಷ್ಟೇ ಅಲ್ಲದೆ “ಮೊಬೈಲ್ ಸಂಖ್ಯೆಯಲ್ಲಿ ಹತ್ತು ಅಂಕಿಗಳಿರಬೇಕು” ಎಂಬಂತೆ ಮಾತಿನಲ್ಲಿ ಬರೆದು ಯಂತ್ರವು ಓದುವಂತೆ ಮಾಡಿದರು. ಚಿತ್ರದ ಪರೀಕ್ಷೆಯನ್ನು ತೆಗೆದು ಮೊಬೈಲಿಗೆ ಬರುವ ಸಂಖ್ಯೆಯನ್ನು ಇಟ್ಟರು. ದುಡ್ಡು ಖರ್ಚಾಗಲಿಲ್ಲ. ಆಡಳಿತ ಮಂಡಳಿಯಲ್ಲಿ ನನ್ನ ಬಿನ್ನಹವಿಷ್ಟು: ಬರುವ ವರ್ಷದ ಪ್ರವೇಶದ ಅರ್ಜಿಯನ್ನು ಪ್ರಕಟಿಸುವ ಮುನ್ನ ಅಂಧರಾದ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರಿಂದ ಅದನ್ನು ಪೂರ್ತಿಯಾಗಿ ತುಂಬಿಸಿ ಪರೀಕ್ಷಿಸಬೇಕು, ಅದಕ್ಕೆ ಉತ್ತರಪತ್ರಿಕೆಯ ಪರೀಕ್ಷಕರಿಗೆ ಕೊಡುವಂತೆ ಸಂಭಾವನೆ ಕೊಡಬೇಕು. ಸೇವೆಯೆಂದು ಪುಕ್ಕಟೆಯಾಗಿ ಮಾಡಿಸಿಕೊಳ್ಳಬಾರದು. ದಾನಿಗಳಾದ ಹಿರಿಯರು ಈ ಮಾತಿಗೆ ಬೆಂಬಲವಾಗಿ ನಿಲ್ಲಬೇಕೆಂದು ಕೋರುತ್ತೇನೆ. ಅವರಲ್ಲಿ ಹಲವರಿಗೆ ನನ್ನಂತೆಯೇ ಕಣ್ಣಿಗೆ ಪೊರೆ ಬರುತ್ತಿದೆಯೆಂಬುದೂ ನನಗೆ ಗೊತ್ತು.

ಆ ಶಿಷ್ಯನು ಮಹಾನವಮಿಯ ಮುನ್ನಾದಿನ ಯಾರ ನೆರವೂ ಇಲ್ಲದೆ ಅರ್ಜಿಯನ್ನು ತುಂಬಿ ಕಾಣಿಕೆ ಸಲ್ಲಿಸಿದನು. ರಸೀತಿಯೊಂದು ಮಾತ್ರ ಚಿತ್ರರೂಪದಲ್ಲಿ ಹೋಯಿತು. ಅದು ಅವನ ಯಂತ್ರಕ್ಕೆ ಓದಲು ಬರಲಿಲ್ಲ. ತಾಯಿಯ ಹೆಸರನ್ನು ಸರಿಯಾಗಿ ಬರೆದಿದ್ದಾರೆಯೇ ಎಂದು ಕೇಳಿದನು. ದೂರವಾಣಿಯಲ್ಲಿ ನಾನೇ ಓದಿ ಹೇಳಿದೆನು. ದೀರ್ಘವೊಂದು ತಪ್ಪಿತ್ತು, ತಿದ್ದಿ ಹೊಸ ರಸೀತಿಯನ್ನು ಕಳುಹಿಸುವಂತೆ ಕಚೇರಿಗೆ ಬರೆದಿದ್ದೇನೆ.