'ಡಿಸ್‌ಪೋರ್ಟ್' ಎಂದರೆ ಕ್ರೀಡೆಯಲ್ಲ

ಹಳೆಯ ಇಂಗ್ಲಿಷ್ ಕಾವ್ಯದಲ್ಲಿ 'ಡಿಸ್‌ಪೋರ್ಟ್' ಎಂಬ ಮಾತು ಎದುರಾದೊಡನೆ ನಮ್ಮ ಅನುವಾದಕರ ಲೇಖನಿ 'ಕ್ರೀಡೆ' ಎಂದು ಬರೆದು ಮುಂದೆ ಸಾಗುತ್ತದೆ. ಏಕೆಂದು ಕೇಳಿದರೆ ಉತ್ತರ ಸಿದ್ಧವಾಗಿಯೇ ಇದೆ: "ಸ್ಪೋರ್ಟ್ ಎಂಬುದು ಅದರ ಮೊಟಕು ರೂಪವಲ್ಲವೇ? ಸ್ಪೋರ್ಟ್ ಎಂದರೆ ಕ್ರೀಡೆಯಲ್ಲವೇ?" ಮೊಟಕು ರೂಪವೆಂಬುದು ದಿಟ. ಹದಿನೈದನೆಯ ಶತಮಾನದ ಹೊತ್ತಿಗೆ ಮೊದಲಕ್ಷರ ಉದುರಿ 'ಸ್ಪೋರ್ಟ್' ಆಯಿತು. ಆದರೆ ಮಗನ ಈಗಿನ ಉದ್ಯೋಗವನ್ನು ಕಂಡು ತಂದೆಯ ಕಸುಬನ್ನು ನಿರ್ಣಯಿಸುವುದು ಎಲ್ಲಿಯ ನ್ಯಾಯ?

ಈ ಶಬ್ದವು ಇಂಗ್ಲಿಷಿಗೆ ಬಂದುದು ಹಳೆಯ ಫ್ರೆಂಚಿನಿಂದ. ಬೇರು ಲ್ಯಾಟಿನ್ನಿನ 'ಪೋರ್ತಾರೆ', ಎಂದರೆ ಹೊರುವುದು, ಒಯ್ಯುವುದು. ರೈಲು ನಿಲ್ದಾಣದಲ್ಲಿ ನಮ್ಮ ಗಂಟುಮೂಟೆ ಹೊರುವ ಪೋರ್ಟರನೂ ಆ ಬಳಗದವನೇ. 'ಡಿಸ್' ಎಂದರೆ ಬೇರೆಡೆಗೆ. ಮನಸ್ಸನ್ನು ಚಿಂತೆಯಿಂದಲೂ ದುಡಿಮೆಯಿಂದಲೂ ಬೇರೆಡೆಗೆ ಒಯ್ಯುವುದೇ ಡಿಸ್‌ಪೋರ್ಟ್. ಅದಕ್ಕೆ ಸೋಲುಗೆಲವು ಬೇಕಿಲ್ಲ; ಪದಕವಂತೂ ಬೇಕೇ ಇಲ್ಲ.

ಮಗನೂ ಬಹುಕಾಲ ತಂದೆಯಂತೆಯೇ ಇದ್ದನು. ದೊರೆ ಒಂದನೆಯ ಜೇಮ್ಸನು 1618ರಲ್ಲಿ ಭಾನುವಾರದ ಪ್ರಾರ್ಥನೆಯ ಬಳಿಕ ಪ್ರಜೆಗಳಿಗೆ 'ಸ್ಪೋರ್ಟ್ಸ್' ಸಲ್ಲುವುದೆಂದು ಘೋಷಿಸಿದಾಗ, ಆ ಪಟ್ಟಿಯಲ್ಲಿ ಬಿಲ್ಲುಗಾರಿಕೆಯೂ ಜಿಗಿತವೂ ಇದ್ದಂತೆ ಕುಣಿತವೂ ಮೇ ತಿಂಗಳ ಕಂಬ ನೆಡುವ ಸಂಭ್ರಮವೂ ಇದ್ದವು. ಪ್ಯೂರಿಟನ್ನರಿಗೆ ಇದು ಸಹನೆಯಾಗಲಿಲ್ಲ. 1643ರಲ್ಲಿ ಪಾರ್ಲಿಮೆಂಟು ಆ ಘೋಷಣೆಯ ಪುಸ್ತಕವನ್ನು ಸುಡಿಸಿತು. ಆದರೆ ಪ್ಯೂರಿಟನ್ನರ ಪಕ್ಷದವನೇ ಆದ ಮಿಲ್ಟನ್ನನ 'ಲ'ಅಲೆಗ್ರೋ' ಕವನದಲ್ಲಿ ಸ್ಪೋರ್ಟ್ ಒಬ್ಬ ವ್ಯಕ್ತಿಯಾಗಿ, ಹರ್ಷದೇವಿಯ ಸಂಗಡಿಗನಾಗಿ ಬರುತ್ತಾನೆ! ಅವನನ್ನು 'ಕ್ರೀಡೆ' ಎಂದು ಕನ್ನಡಿಸಿದರೆ, ಪಾಪ, ಎದೆಯ ಮೇಲೆ ಸಂಖ್ಯೆ ಅಂಟಿಸಿಕೊಂಡ ಓಟಗಾರನಾಗಿ ನಿಲ್ಲುತ್ತಾನೆ.

ನಮ್ಮ 'ಕ್ರೀಡೆ'ಯೂ ಹಿಂದೆ ಇಷ್ಟು ಬಡವಾಗಿರಲಿಲ್ಲವೆಂಬುದನ್ನು ಒಪ್ಪುತ್ತೇನೆ. ಪ್ರಾಚೀನ ಕಾವ್ಯಗಳ ಜಲಕ್ರೀಡೆಯಲ್ಲಿ ಗೆದ್ದವರಾರು, ಸೋತವರಾರು? ಆದರೆ ಕ್ರೀಡಾಂಗಣ, ಕ್ರೀಡಾಕೂಟ, ಕ್ರೀಡಾಪಟುಗಳ ನಡುವೆ ಬೆಳೆದ ಇಂದಿನ ಓದುಗನ ಕಿವಿಗೆ ಆ ಮಾತು ಸೀಟಿಯ ಸದ್ದನ್ನೇ ತರುತ್ತದೆ.

ಇಷ್ಟಕ್ಕೂ ತಕ್ಕ ಶಬ್ದ ನಮ್ಮ ಮನೆಯಲ್ಲೇ ಇದೆ: ವಿಹಾರ. 'ಹೃ' ಧಾತುವಿಗೆ ಒಯ್ಯುವುದೆಂದು ಅರ್ಥ. 'ವಿ' ಎಂಬುದು ಬೇರ್ಪಡೆಯನ್ನು ಹೇಳುತ್ತದೆ. ರೋಮಿನವರ ಶಬ್ದ ನಡೆದ ದಾರಿಯಲ್ಲೇ ಇದೂ ನಡೆದಿದೆ. ಇದನ್ನು ಕೇಳಿದೊಡನೆ, ಇಂಗ್ಲಿಷು ಸಂಸ್ಕೃತದಿಂದ ಕದ್ದಿತೆಂದು ಕೆಲವು ಅಭಿಮಾನಿಗಳು ಎದ್ದು ನಿಂತಾರು. ದಯವಿಟ್ಟು ಕುಳಿತುಕೊಳ್ಳಬೇಕು. ಧಾತುಗಳು ಬೇರೆ, ಬೇರುಗಳು ಬೇರೆ. ಹೋಲುವುದು ಅರ್ಥ ಬೆಳೆದ ಬಗೆ ಮಾತ್ರ. ಎರಡು ಜನಾಂಗಗಳು ತಾವು ತಾವಾಗಿಯೇ ಒಂದೇ ರೂಪಕವನ್ನು ಕಂಡುಕೊಂಡವೆಂಬುದು ಕಳ್ಳತನಕ್ಕಿಂತ ಎಷ್ಟು ಸೊಗಸಾದ ಸಂಗತಿ!

ಇಂತಹ ಶಬ್ದವನ್ನು ನಾವು ಮುಂಜಾನೆಯ ವಾಯುವಿಹಾರಕ್ಕೂ ರಜೆಯ ದೋಣಿವಿಹಾರಕ್ಕೂ ಕಟ್ಟಿಹಾಕಿ, ಪದ್ಯಾನುವಾದಕ್ಕೆ ಕುಳಿತಾಗ ಮರೆಯುತ್ತೇವೆ. ಕ್ರಿಯಾಪದ ಬೇಕಾದಲ್ಲಿ 'ವಿಹರಿಸು' ಎಂಬುದೂ ಸಿದ್ಧವಾಗಿದೆ. ವಿಹಾರವೆಂದರೆ ಬೌದ್ಧರ ಮಠವಲ್ಲವೇ, ಬಿಹಾರ ಪ್ರಾಂತಕ್ಕೆ ಹೆಸರು ಬಂದುದು ಅದರಿಂದಲ್ಲವೇ ಎಂದು ಆಕ್ಷೇಪಿಸುವವರುಂಟು. ಅಹುದು, ಅದರಿಂದಲೇ. ಆದರೂ ಜಲವಿಹಾರವೆಂದು ಓದಿ ನೀರಿನಲ್ಲಿ ಮಠವನ್ನು ಹುಡುಕಿದವರನ್ನು ನಾನಂತೂ ಕಂಡಿಲ್ಲ.