ದೋಣಿಯೊಳಗಿನ ಅಡ್ಡಹಲಗೆ

ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆ ಮತ್ತು ಉತ್ತರ ಕನ್ನಡದ ಅಘನಾಶಿನಿ ಅಳಿವೆ 2024ರ ಜನವರಿಯಲ್ಲಿ ಒಟ್ಟಿಗೇ ರಾಮ್ಸಾರ್ ಪಟ್ಟಿ ಸೇರಿದವು. ನಮ್ಮ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳಿಂದ ಹೆಸರು. ಅಲ್ಲಿನ ಅಳಿವೆಯಲ್ಲಿ ಸಣ್ಣ ದೋಣಿಗಳಲ್ಲಿ ಹೋಗಿ ಚಿಪ್ಪಿಕಲ್ಲು ಆರಿಸುತ್ತಾರೆ. ಬಯಲುಸೀಮೆಯ ಮಕ್ಕಳು ತುಂಗಭದ್ರೆಯ ಹರಿಗೋಲನ್ನು ಕಂಡಿರಬಹುದು. ಮರದ ದೋಣಿ ಕಾಣುವುದು ಪ್ರವಾಸ ಹೋದಾಗಲೇ. ಆಗ ಎಲ್ಲರ ಕಣ್ಣು ನೀರಿನ ಮೇಲಿರುತ್ತದೆ. ಈ ವಾರ ದೋಣಿಯ ಒಳಗೆ ಇಣುಕಿ ನೋಡೋಣ.

ಸಣ್ಣ ದೋಣಿಯ ಒಳಗೆ ಸಾಮಾನ್ಯವಾಗಿ ಮೂರು ಬಗೆಯ ಮರಗೆಲಸವಿರುತ್ತದೆ. ತಳದಿಂದ ಅಂಚಿನವರೆಗೆ ಬಾಗಿರುವ ಪಕ್ಕೆಲುಬುಗಳು, ಮೇಲಂಚಿನ ಉದ್ದಕ್ಕೂ ಓಡುವ ಪಟ್ಟಿ, ಒಂದು ಮಗ್ಗುಲಿನಿಂದ ಇನ್ನೊಂದಕ್ಕೆ ಹಾಕಿದ ಅಡ್ಡಹಲಗೆ. ಈ ಹಲಗೆ ಇರುವುದು ಕೂಡಲಿಕ್ಕೆ ಎಂದೇ ನಮ್ಮ ತಿಳುವಳಿಕೆ. ಅದರ ಮೊದಲ ಕೆಲಸ ಬೇರೆಯೇ ಇದೆ.

ನೀರಿನ ಒತ್ತಡ ಆಳದೊಡನೆ ಹೆಚ್ಚುತ್ತದೆ ಎಂದು ಪಾಠದಲ್ಲಿ ಓದಿದ್ದೀರಿ. 30 ಸೆಂ.ಮೀ. ಆಳದಲ್ಲಿ ಒಂದು ಚದರ ಮೀಟರ್ ಹಲಗೆಯ ಮೇಲೆ ಬೀಳುವ ಒತ್ತು ಸುಮಾರು 300 ಕಿ.ಗ್ರಾಂ. ತೂಕಕ್ಕೆ ಸಮ. ಇದು ಎರಡೂ ಮಗ್ಗುಲುಗಳನ್ನು ಒಳಕ್ಕೆ ನೂಕುತ್ತದೆ. ಸರಕು ತುಂಬಿದ ದೋಣಿಯನ್ನು ದಡಕ್ಕೆ ಎಳೆದಾಗ ಅವೇ ಮಗ್ಗುಲುಗಳು ಹೊರಕ್ಕೆ ಬಿಚ್ಚಿಕೊಳ್ಳಲು ನೋಡುತ್ತವೆ. ಅಡ್ಡಹಲಗೆ ಮೊದಲನೆಯದರಲ್ಲಿ ಊರುಗೋಲು, ಎರಡನೆಯದರಲ್ಲಿ ಹಗ್ಗ. ಆದ್ದರಿಂದ ಅದರ ಕೀಲು ನೂಕನ್ನೂ ಎಳೆತವನ್ನೂ ತಾಳಬೇಕು.

ಮಳೆಗಾಲದಲ್ಲಿ ಮನೆಯ ಬಾಗಿಲು ಬಿಗಿಯಾಗುವುದನ್ನು ಗಮನಿಸಿದ್ದೀರಾ? ತೇವ ಹೀರಿದ ಮರ ಎಲ್ಲ ದಿಕ್ಕಿಗೂ ಒಂದೇ ಸಮ ಉಬ್ಬುವುದಿಲ್ಲ. ಹಸಿ ಮರ ಪೂರ್ತಿ ಒಣಗಿದರೆ ಎಳೆಯ ಉದ್ದಕ್ಕೆ ಸೇಕಡಾ ಒಂದರಷ್ಟೂ ಕುಗ್ಗುವುದಿಲ್ಲ. ಎಳೆಗೆ ಅಡ್ಡಲಾಗಿ ಸೇಕಡಾ 4ರಿಂದ 8ರಷ್ಟು ಕುಗ್ಗಬಹುದು. ಆದ್ದರಿಂದಲೇ ಬಲ್ಲ ಬಡಿಗ ಅಡ್ಡಹಲಗೆಯ ಎಳೆ ಮಗ್ಗುಲಿನಿಂದ ಮಗ್ಗುಲಿಗೆ ಹೋಗುವಂತೆ ಕೊಯ್ಯುತ್ತಾನೆ. ಹಲಗೆ ಎಷ್ಟೇ ನೆನೆದರೂ ದೋಣಿಯ ಅಗಲ ಬದಲಾಗುವುದಿಲ್ಲ. ಎಳೆ ತಿರುವಿ ಕೊಯ್ದರೆ ಹಲಗೆ ಉಬ್ಬಿ ಮಗ್ಗುಲನ್ನು ಒತ್ತುತ್ತದೆ, ಭಾರ ಬಿದ್ದಾಗ ಸೀಳುತ್ತದೆ.

ಕೀಲಿನ ಮಾತಿಗೆ ಬಂದರೆ, ಕಬ್ಬಿಣದ ಮೊಳೆ ಉಪ್ಪುನೀರಿನಲ್ಲಿ ತುಕ್ಕು ಹಿಡಿದು ಸುತ್ತಲಿನ ಮರವನ್ನೂ ಕೆಡಿಸುತ್ತದೆ. ಪಶ್ಚಿಮ ಕರಾವಳಿಯವರು ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿಯುತ್ತಿದ್ದರು. ಅದೇ ಪದ್ಧತಿಯಲ್ಲಿ ಕಟ್ಟಿದ ‘ಕೌಂಡಿನ್ಯ’ ಹಡಗು 2025ರ ಮೇ 21ರಂದು ಕಾರವಾರದಲ್ಲಿ ನೌಕಾಪಡೆಗೆ ಸೇರಿತು. ಹೊಲಿಗೆ ಅಲೆಯ ಹೊಡೆತಕ್ಕೆ ಸ್ವಲ್ಪ ಬಾಗುತ್ತದೆ, ಒಡೆಯುವುದಿಲ್ಲ.

ಇನ್ನು ಹಲಗೆಯ ಎತ್ತರ. 40 ಕಿ.ಗ್ರಾಂ. ದೋಣಿಯಲ್ಲಿ 60 ಕಿ.ಗ್ರಾಂ. ತೂಕದವರೊಬ್ಬರು ಕೂತಿದ್ದಾರೆ ಎನ್ನಿ. ಹಲಗೆಯನ್ನು 20 ಸೆಂ.ಮೀ. ಮೇಲೇರಿಸಿದರೆ ಒಟ್ಟು ಗುರುತ್ವಕೇಂದ್ರ ಎಷ್ಟು ಏರುತ್ತದೆ? 60ನ್ನು 20ರಿಂದ ಗುಣಿಸಿ 100ರಿಂದ ಭಾಗಿಸಿ: 12 ಸೆಂ.ಮೀ. ಕೂತವರು ಎದ್ದು ನಿಂತರೆ ಅವರ ಶರೀರದ ಕೇಂದ್ರ ಅರ್ಧ ಮೀಟರಿನಷ್ಟು ಏರುತ್ತದೆ. ಒಟ್ಟು ಕೇಂದ್ರ 30 ಸೆಂ.ಮೀ. ಮೇಲೆ ಹೋಗುತ್ತದೆ. ಕಿರಿದಾದ ದೋಣಿ ಮಗುಚಲು ಅಷ್ಟೇ ಸಾಕು. ಅಡ್ಡಹಲಗೆಯನ್ನು ತಗ್ಗಿನಲ್ಲಿ ಕೂಡಿಸುವುದು ಇದಕ್ಕಾಗಿಯೇ.

ಇದು ಪರೀಕ್ಷೆಗೆ ಮಾತ್ರ ಬೇಕಾದ ಲೆಕ್ಕವಲ್ಲ. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಜನ ತೀರಿಕೊಂಡರು. ಅವರಲ್ಲಿ ಹಾವೇರಿ ಜಿಲ್ಲೆಯಿಂದ ಹೋದವರೂ ಇದ್ದರು. ಅದು ಯಂತ್ರದ ದೊಡ್ಡ ದೋಣಿ, ಸಮುದ್ರವೂ ಬೇರೆ. ಆದರೆ ಗುರುತ್ವಕೇಂದ್ರದ ನಿಯಮ ದೊಡ್ಡದಕ್ಕೂ ಸಣ್ಣದಕ್ಕೂ ಒಂದೇ. ನೀರಿನ ಅಭ್ಯಾಸವಿಲ್ಲದ ಸೀಮೆಯವರು ನಾವು. ದೋಣಿಯಲ್ಲಿ ಏಳಬಾರದು, ಎಲ್ಲರೂ ಒಂದೇ ಮಗ್ಗುಲಿಗೆ ವಾಲಬಾರದು, ತೇಲುವ ಕವಚ ತೊಡದೆ ಹತ್ತಬಾರದು ಎಂಬುದನ್ನು ತಂದೆತಾಯಿಗಳು ಪ್ರವಾಸಕ್ಕೆ ಕಳಿಸುವ ಮೊದಲೇ ಹೇಳಬೇಕು. ಏಕೆ ಎಂಬುದನ್ನೂ ಹೇಳಿದರೆ ಮಕ್ಕಳು ಮರೆಯುವುದಿಲ್ಲ.

ಮಾಡಿ ನೋಡಿ: ಬಾಗಿದ ಮಗ್ಗುಲಿಗೆ ನೇರ ಹಲಗೆಯನ್ನು ಸಂದಿಲ್ಲದೆ ಕೂಡಿಸುವುದು ಹೇಗೆ? ಆಳ ಕಡಿಮೆಯಿರುವ ಬೋಗುಣಿಯೊಂದರ ಬಾಯಿಯ ನಡುವೆ ಅದರಷ್ಟೇ ಅಗಲದ ರಟ್ಟನ್ನು ನೆಟ್ಟಗೆ ನಿಲ್ಲಿಸಿ. ಕೈವಾರವನ್ನು ಬೋಗುಣಿಯ ಆಳಕ್ಕಿಂತ ಒಂದು ಸೆಂ.ಮೀ. ಹೆಚ್ಚು ತೆರೆಯಿರಿ. ಅದರ ಮೊನೆಯನ್ನು ಬೋಗುಣಿಯ ಒಳಮೈಗೆ ತಾಗಿಸಿ ಸರಿಸುತ್ತ, ಪೆನ್ಸಿಲ್ ಸದಾ ಮೊನೆಯ ನೇರ ಮೇಲೆಯೇ ಇರುವಂತೆ ರಟ್ಟಿನ ಮೇಲೆ ಗೆರೆ ಎಳೆಯಿರಿ. ಗೆರೆಗುಂಟ ಕತ್ತರಿಸಿ ರಟ್ಟನ್ನು ಕೆಳಗಿಳಿಸಿದರೆ ಬೋಗುಣಿಗೆ ಸರಿಯಾಗಿ ಕೂಡುತ್ತದೆ. ಎಲ್ಲ ಬಿಂದುಗಳೂ ಒಂದೇ ದಿಕ್ಕಿಗೆ ಒಂದೇ ದೂರ ಸರಿದರೆ ಆಕೃತಿ ಬದಲಾಗುವುದಿಲ್ಲ, ಇದು ರೇಖಾಗಣಿತ. ನಿಮ್ಮೂರಿನ ಬಡಿಗರ ಅಂಗಡಿಗೆ ಹೋಗಿ, ಗೋಡೆಯ ಡೊಂಕಿಗೆ ಹಲಗೆ ಹೇಗೆ ಕೂಡಿಸುತ್ತೀರಿ ಎಂದು ಕೇಳಿ ನೋಡಿ.