ಕಲ್ಪಿತ ಮಂತ್ರಗಳೂ ಅವುಗಳ ಬೆಲೆಯೂ

ಮೇಜಿನ ಸುತ್ತಲೂ ನಾಲ್ಕಾರು ಮಂದಿ ಮಿತ್ರರು ಕುಳಿತು, ಒಬ್ಬೊಬ್ಬರು ಒಂದೊಂದು ಪಾತ್ರವನ್ನು ವಹಿಸಿ, ದಾಳಗಳನ್ನುರುಳಿಸುತ್ತ, ಬಾಯಿಮಾತಿನಿಂದಲೇ ಒಂದು ಸಾಹಸಕಥೆಯನ್ನು ನಡೆಯಿಸಿಕೊಂಡು ಹೋಗತಕ್ಕ ಆಟವೊಂದು ಅಮೆರಿಕಾ ದೇಶದಲ್ಲಿ ಹುಟ್ಟಿ ಅನೇಕ ದೇಶಗಳಿಗೆ ಹಬ್ಬಿರುವುದು ವಾಚಕರಲ್ಲಿ ಹಲವರಿಗೆ ವಿದಿತವಿರಬಹುದು. ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನಿಸನ್ ಎಂಬಿಬ್ಬರು ರಚಿಸಿ, ಮೂರು ಕಿರುಪುಸ್ತಕಗಳಾಗಿ ಒಂದೇ ಪೆಟ್ಟಿಗೆಯಲ್ಲಿ ೧೯೭೪ರಲ್ಲಿ ಹೊರಬಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬುದೇ ಈ ಜಾತಿಯ ಆಟಗಳಿಗೆ ಮೂಲ. ಇದರಲ್ಲಿ ಒಬ್ಬನು ಯೋಧ, ಒಬ್ಬನು ಬೀಗ ಬಿಚ್ಚುವುದರಲ್ಲಿ ನಿಪುಣನಾದ ಕಳ್ಳ, ಒಬ್ಬನು ಗಾಯ ಮಾಯಿಸುವ ಪುರೋಹಿತ, ಒಬ್ಬನು ಮಾಂತ್ರಿಕ. ಕಥೆಯ ಲೋಕವನ್ನೂ ಅದರೊಳಗಣ ವೈರಿಗಳನ್ನೂ ನಡೆಯಿಸತಕ್ಕವನು ಮತ್ತೊಬ್ಬನು. ಆತನನ್ನು ಸೂತ್ರಧಾರನೆಂದು ಕರೆದರೆ ತಪ್ಪಾಗದು. ಅಚ್ಚಾದ ನಿಯಮಗಳಿಂದ ತೃಪ್ತರಾಗದೆ ಸ್ವಂತ ನಿಯಮಗಳನ್ನು ಕಟ್ಟಿಕೊಳ್ಳುವ ವಾಡಿಕೆ ಈ ಆಟಗಾರರಲ್ಲಿ ಬಹಳವಾಗಿ ಉಂಟು. ಇಂಥ ನಿಯಮಗಳಿಗೆ ‘ಹೋಮ್‌ಬ್ರೂ’ ಎಂದು ಹೆಸರು. ಮನೆಯಲ್ಲಿ ಹುದುಗಿಸಿದ ಪಾನೀಯವೆಂದು ಅದರ ಮೂಲಾರ್ಥ. ಹುದುಗು ಹದದಲ್ಲಿದ್ದರೆ ರುಚಿ. ಹದ ಮೀರಿದರೆ ಸೀಸೆಯೇ ಒಡೆಯುವುದು. ಒಡೆದ ಸೀಸೆಗಳಲ್ಲಿ ಹೆಚ್ಚಿನವು ಮಂತ್ರನಿಯಮಗಳವೇ ಆಗಿರುವುದು ಆಕಸ್ಮಿಕವಲ್ಲ.

ನಿಯಮಕಲ್ಪನೆಯ ಉತ್ಸಾಹವು ನಿಂದ್ಯವಲ್ಲ. ನಿಂದ್ಯವಾದುವು ಅದರ ಹಿಂದೆ ನಿಂತಿರುವ ಎರಡು ಮತಗಳು. ಮಂತ್ರವೆಂದರೆ ಅದ್ಭುತ, ಅದ್ಭುತಕ್ಕೆ ಕಟ್ಟಳೆಯೆಲ್ಲಿಯದು, ಸೂತ್ರಧಾರನು ಆಯಾ ಹೊತ್ತಿಗೆ ತೋಚಿದಂತೆ ತೀರ್ಮಾನಿಸಿದರೆ ಸಾಕು ಎಂಬುದು ಒಂದು ಮತ. ಹೊಸ ಮಂತ್ರವು ಮಾಡುವ ಗಾಯದ ಅಂಕೆಗಳನ್ನು ಅಚ್ಚಾದ ಮಂತ್ರಗಳ ಅಂಕೆಗಳಿಗೆ ಸರಿಹೊಂದಿಸಿಬಿಟ್ಟರೆ ಸಮತೆಯು ಸಿದ್ಧಿಸಿತೆಂಬುದು ಇನ್ನೊಂದು. ಮೊದಲನೆಯವರು ತಕ್ಕಡಿಯನ್ನೇ ಎಸೆದವರು; ಎರಡನೆಯವರು ಚಿನ್ನವನ್ನು ಬಿಟ್ಟು ಚೀಲವನ್ನು ತೂಗುವವರು. ಈ ಆಟದಲ್ಲಿ ಸಮತೆಯೆಂದರೆ ಮೇಜಿನ ಸುತ್ತ ಕುಳಿತ ಮನುಷ್ಯರಿಗೆ ದೊರೆಯತಕ್ಕ ಅವಕಾಶದ ಸಮತೆ. ಮಂತ್ರದ ಬೆಲೆಯನ್ನು ಅದರ ಫಲವನ್ನುಣ್ಣುವವನೇ ತೆರುವಂತೆ ವಿಧಿಸಿದಲ್ಲದೆ ಅದು ಉಳಿಯಲಾರದು. ಇದು ಪ್ರತಿಜ್ಞೆ, ಇನ್ನು ಹೇತುಗಳು.

ಮೊದಲು ಅಂಕೆಯವರ ಮತವನ್ನು ವಿಚಾರಿಸತಕ್ಕದ್ದು. ಈ ಆಟದ ಐದನೆಯ ಆವೃತ್ತಿಯು ೨೦೧೪ರಲ್ಲಿ ಪ್ರಕಟವಾಯಿತು. ಅದರ ಮಂತ್ರಗಳಲ್ಲಿ ಒಂಬತ್ತು ಶ್ರೇಣಿಗಳುಂಟು. ಹೊಸ ಮಂತ್ರಗಳನ್ನು ರಚಿಸುವವರಿಗಾಗಿ ಸೂತ್ರಧಾರನ ಕೈಪಿಡಿಯಲ್ಲಿ ಒಂದು ಕೋಷ್ಟಕವನ್ನು ಕೊಟ್ಟಿದೆ. ಹಲವರನ್ನು ಒಟ್ಟಿಗೆ ಗಾಯಗೊಳಿಸುವ ಮೂರನೆಯ ಶ್ರೇಣಿಯ ಮಂತ್ರಕ್ಕೆ ಆರು ಮುಖದ ದಾಳಗಳು ಆರು, ಅಂದರೆ ಸರಾಸರಿ ೨೧ ಅಂಶಗಳ ಗಾಯ, ಎಂದು ಅಲ್ಲಿನ ವಿಧಿ. ಆದರೆ ಅದೇ ಶ್ರೇಣಿಯ, ಎಲ್ಲಕ್ಕಿಂತಲೂ ಪ್ರಸಿದ್ಧವಾದ ‘ಫೈರ್‌ಬಾಲ್’ ಎಂಬ ಅಗ್ನಿಗೋಲಕ್ಕೆ ಅಚ್ಚಾದ ಪುಸ್ತಕದಲ್ಲಿಯೇ ಎಂಟು ದಾಳಗಳು; ಸರಾಸರಿ ೨೮. ಎಂಟು ದಾಳಗಳು ಆ ಕೋಷ್ಟಕದಂತೆ ಐದನೆಯ ಶ್ರೇಣಿಗೆ ಸಲ್ಲತಕ್ಕವು. ಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ ಕೋಷ್ಟಕವು ಉತ್ಸರ್ಗ, ಅಗ್ನಿಗೋಲವು ಅಪವಾದ. ಹೊಸಬನು ಏನು ಮಾಡುತ್ತಾನೆ? ಅಪವಾದವನ್ನೇ ಉತ್ಸರ್ಗವೆಂದು ಭ್ರಮಿಸಿ, ತನ್ನ ಮಂತ್ರವು ಅಗ್ನಿಗೋಲಕ್ಕಿಂತ ಕಡಿಮೆಯಾಗಬಾರದೆಂದು ಎಂಟು ದಾಳಗಳನ್ನಿಟ್ಟು, ಅದರ ಮೇಲೆ ಶತ್ರುಗಳು ಕುರುಡಾಗಲಿ ಎಂದೊಂದು ಬಾಲವನ್ನೂ ಸೇರಿಸುತ್ತಾನೆ. ಅವನ ಮಿತ್ರನ ಮಂತ್ರವು ಇದನ್ನು ಮೀರಬೇಕಾಗುವುದು. ಹೀಗೆ ಅನವಸ್ಥೆ. ಅಂಕೆಗಳನ್ನೇ ನಂಬಿದವರು ಅಂಕೆಗಳಲ್ಲಿಯೇ ಮೋಸಹೋದ ಬಗೆಯಿದು.

ಅದಿರಲಿ, ಅಂಕೆಯೇ ಇಲ್ಲದ ಮಂತ್ರಗಳನ್ನು ಇವರು ಯಾವ ಕೊಳಗದಿಂದ ಅಳೆಯುವರು? ‘ನಾಕ್’ ಎಂಬುದೊಂದು ಎರಡನೆಯ ಶ್ರೇಣಿಯ ಮಂತ್ರವಿದೆ. ಬೀಗವನ್ನು ತೆರೆಯುವುದು ಅದರ ಕಾರ್ಯ. ಅದರಿಂದ ಯಾರಿಗೂ ಗಾಯವಿಲ್ಲ, ಆದುದರಿಂದ ಅಂಕೆಯವರ ಲೆಕ್ಕದಲ್ಲಿ ಅದು ಸೊನ್ನೆ. ಆದರೆ ಆ ಸೊನ್ನೆಯಿಂದ ಗಾಯವಾಗುವುದು ಕಳ್ಳನ ಪಾತ್ರವನ್ನು ವಹಿಸಿದವನಿಗೆ. ಬೀಗದ ಮುಂದೆ ಕುಳಿತು, ಎಲ್ಲರೂ ಉಸಿರು ಬಿಗಿಹಿಡಿದಿರಲು ದಾಳವನ್ನುರುಳಿಸತಕ್ಕ ಆ ಒಂದು ಗಳಿಗೆಗಾಗಿ ಅವನು ಸಂಜೆಯೆಲ್ಲ ಕಾದಿರುತ್ತಾನೆ. ಮಾಂತ್ರಿಕನು ಒಂದು ಮಾತಿನಿಂದ ಅದನ್ನು ಕಿತ್ತುಕೊಂಡುಬಿಡುತ್ತಾನೆ. ೨೦೧೪ರ ಆವೃತ್ತಿಯವರು ಇದಕ್ಕೆ ಮಾಡಿದ ಪರಿಹಾರವು ಶ್ಲಾಘ್ಯವಾದುದು. ಮಂತ್ರದಿಂದ ಬೀಗವು ತೆರೆಯುವುದು ನಿಜ. ಆದರೆ ಆಗ ೩೦೦ ಅಡಿಗಳ ದೂರಕ್ಕೆ ಕೇಳಿಸುವ ದೊಡ್ಡ ಸದ್ದಾಗುವುದು. ಇನ್ನು ಸದ್ದಿಲ್ಲದೆ ಒಳಹೊಗಬೇಕಾದಲ್ಲಿ ಕಳ್ಳನೇ ಬೇಕು. ಹೊತ್ತಿಲ್ಲದೆ ಸದ್ದಿಗೆ ಅಂಜದಿದ್ದಲ್ಲಿ ಮಾಂತ್ರಿಕನಾಗಬಹುದು. ಒಂದಂಕೆಯನ್ನೂ ಬದಲಾಯಿಸದೆ ಇಬ್ಬರಿಗೂ ಸ್ಥಾನವನ್ನು ಕಲ್ಪಿಸಿದ ಈ ಒಂದು ವಾಕ್ಯವು ಹೊಸ ನಿಯಮಗಳನ್ನು ಮಾಡುವವರಿಗೆಲ್ಲ ಪಾಠವಾಗತಕ್ಕದ್ದು.

ಬೆಲೆಯನ್ನು ತೆಗೆದು ಬಲವನ್ನು ಮಾತ್ರ ಉಳಿಸಿದರೆ ಏನಾಗುವುದೆಂಬುದಕ್ಕೆ ಈ ಆಟದ ಚರಿತ್ರೆಯೇ ಸಾಕ್ಷಿ. ಮೂಲಕರ್ತರು ತಮ್ಮ ಮಂತ್ರಪದ್ಧತಿಯನ್ನು ಜ್ಯಾಕ್ ವ್ಯಾನ್ಸ್ ಎಂಬ ಕಥೆಗಾರನಿಂದ ಪಡೆದರು. ೧೯೫೦ರಲ್ಲಿ ಪ್ರಕಟವಾದ ಅವನ ‘ದಿ ಡೈಯಿಂಗ್ ಅರ್ತ್’ ಎಂಬ ಗ್ರಂಥದ ಮಾಂತ್ರಿಕರು ಮಂತ್ರಗಳನ್ನು ಕಂಠಪಾಠ ಮಾಡಿಕೊಳ್ಳುವರು. ಒಮ್ಮೆ ಉಚ್ಚರಿಸಿದೊಡನೆ ಅವು ನೆನಪಿನಿಂದ ಅಳಿಸಿಹೋಗುವುವು. ಅದರಂತೆ ೧೯೭೪ರ ಆಟದಲ್ಲಿ ಮೊದಲನೆಯ ಮಟ್ಟದ ಮಾಂತ್ರಿಕನಿಗೆ ದಿನಕ್ಕೊಂದೇ ಮಂತ್ರ. ೧೯೭೮ರಲ್ಲಿ ಬಂದ ಆಟಗಾರರ ಕೈಪಿಡಿಯ ಕಾಲಕ್ಕೆ ಅವನ ಪ್ರಾಣಾಂಶಗಳಿಗೆ ನಾಲ್ಕು ಮುಖದ ದಾಳ, ಯೋಧನವಕ್ಕೆ ಹತ್ತು ಮುಖದ್ದು. ಮಂತ್ರ ಹೇಳುತ್ತಿರುವಾಗ ಪೆಟ್ಟು ಬಿದ್ದರೆ ಮಂತ್ರವು ವ್ಯರ್ಥ. ಆದಕಾರಣ ಯೋಧನು ಮಾಂತ್ರಿಕನ ಮುಂದೆ ಗುರಾಣಿಯಾಗಿ ನಿಲ್ಲಬೇಕಾಗಿತ್ತು. ಒಬ್ಬನಿಲ್ಲದೆ ಇನ್ನೊಬ್ಬನಿಗೆ ಗತಿಯಿರಲಿಲ್ಲ. ೨೦೦೦ದ ಮೂರನೆಯ ಆವೃತ್ತಿಯವರು ಸೌಕರ್ಯದ ಹೆಸರಿನಲ್ಲಿ ಈ ತೊಡಕುಗಳನ್ನು ಸಡಿಲಿಸಿದರು. ಎಚ್ಚರಿಕೆಯಿಂದ ಮಂತ್ರ ಹೇಳಿ ಪೆಟ್ಟನ್ನು ತಪ್ಪಿಸಿಕೊಳ್ಳುವ ಉಪಾಯವು ಬಂದಿತು; ಮಂತ್ರಗಳನ್ನು ಸುರುಳಿಗಳಲ್ಲಿ ಬರೆದಿಟ್ಟುಕೊಳ್ಳುವ ವಿದ್ಯೆಯು ಮಾಂತ್ರಿಕನಿಗೆ ಮೊದಲ ಮಟ್ಟದಲ್ಲಿಯೇ ಉಚಿತವಾಗಿ ದೊರೆಯಿತು. ಬಲವೋ ಹಿಂದಿನಂತೆಯೇ ಮಟ್ಟದಿಂದ ಮಟ್ಟಕ್ಕೆ ಏರುತ್ತಿದ್ದಿತು. ಮೇಲಿನ ಮಟ್ಟಗಳಲ್ಲಿ ಯೋಧನು ಮಾಂತ್ರಿಕನ ಸಾಮಾನು ಹೊರುವವನಾದನೆಂದು ಆಟಗಾರರು ದೂರಿದುದು ಬರಿಯ ಅಸೂಯೆಯಿಂದಲ್ಲ.

ಇದಕ್ಕೆ ಪ್ರತಿಯಾಗಿ ೨೦೦೮ರ ನಾಲ್ಕನೆಯ ಆವೃತ್ತಿಯು ಎಲ್ಲ ಪಾತ್ರಗಳಿಗೂ ಒಂದೇ ಅಚ್ಚಿನ ಶಕ್ತಿಗಳನ್ನು ಹಂಚಿತು: ಬೇಕಾದಾಗಲೆಲ್ಲ ಬಳಸತಕ್ಕವು, ಕಾಳಗಕ್ಕೊಮ್ಮೆ ಬಳಸತಕ್ಕವು, ದಿನಕ್ಕೊಮ್ಮೆ ಬಳಸತಕ್ಕವು ಎಂದು. ಅಂಕೆಯ ಸಮತೆಯೇನೋ ದೊರೆಯಿತು. ಆದರೆ ಯೋಧನಿಗೂ ಮಾಂತ್ರಿಕನಿಗೂ ಭೇದವೇ ತೋರದೆಂದು ಅನೇಕರು ಅದನ್ನು ತೊರೆದರು. ಹಾಗಾದರೆ ಬಲದ ವೈಷಮ್ಯವಿದ್ದೂ ಮನುಷ್ಯರೊಳಗೆ ಸಮತೆಯು ಸಾಧ್ಯವೆ? ಸಾಧ್ಯವೆಂದು ೧೯೮೭ರಲ್ಲಿಯೇ ತೋರಿಸಿಕೊಟ್ಟ ಆಟ ‘ಆರ್ಸ್ ಮ್ಯಾಜಿಕಾ’. ಅದರಲ್ಲಿ ಲ್ಯಾಟಿನ್ ಭಾಷೆಯ ಐದು ಕ್ರಿಯೆಗಳು, ಹತ್ತು ವಿಷಯಗಳು. ಸೃಷ್ಟಿಸು ಎಂಬುದರೊಡನೆ ಬೆಂಕಿ, ನಾಶಗೊಳಿಸು ಎಂಬುದರೊಡನೆ ನೀರು, ಎಂದು ಧಾತುವಿಗೆ ಕರ್ಮಪದವನ್ನು ಹೊಂದಿಸಿದಂತೆ ಮಂತ್ರಗಳನ್ನು ಕಟ್ಟತಕ್ಕದ್ದು. ಅಲ್ಲಿ ಮಾಂತ್ರಿಕನು ಎಲ್ಲರಿಗಿಂತ ಬಲಿಷ್ಠನೆಂಬುದನ್ನು ಮುಚ್ಚಿಡಲಿಲ್ಲ. ಅದರ ಬದಲಾಗಿ ಪ್ರತಿಯೊಬ್ಬ ಆಟಗಾರನಿಗೂ ಒಬ್ಬ ಮಾಂತ್ರಿಕನನ್ನೂ ಒಬ್ಬ ಸಾಮಾನ್ಯ ಸಂಗಾತಿಯನ್ನೂ ಕೊಟ್ಟು, ಸರದಿಯಂತೆ ಆಡಿಸಿದರು. ಇಂದಿನ ಭೃತ್ಯನು ನಾಳೆಯ ಪ್ರಭು. ಪಾತ್ರಗಳು ವಿಷಮ, ಆಟಗಾರರು ಸಮ. ಪ್ರತಿಜ್ಞೆಗೆ ಇದಕ್ಕಿಂತ ಸ್ಪಷ್ಟವಾದ ದೃಷ್ಟಾಂತವು ಬೇಡ.

ಇನ್ನು ಸ್ವಕಲ್ಪಿತ ನಿಯಮಗಳಲ್ಲಿ ಪದೇ ಪದೇ ಕಾಣಿಸಿಕೊಳ್ಳುವ ಒಂದನ್ನು ಪರೀಕ್ಷಿಸಬಹುದು. ದಿನಕ್ಕಿಷ್ಟೇ ಮಂತ್ರಗಳೆಂಬ ಮಿತಿಯನ್ನು ತೆಗೆದುಹಾಕಿ, ಮಾಂತ್ರಿಕನು ತನ್ನ ರಕ್ತವನ್ನೇ, ಎಂದರೆ ಪ್ರಾಣಾಂಶಗಳನ್ನೇ, ತೆತ್ತು ಎಷ್ಟು ಮಂತ್ರಗಳನ್ನಾದರೂ ಹೇಳಲಿ ಎಂಬುದು ಆ ನಿಯಮ. ಕೇಳುವುದಕ್ಕೆ ಇದು ಘೋರವಾದ ಬೆಲೆ. ತೆರುವವರು ಯಾರು? ಮಾಂತ್ರಿಕನು ರಕ್ತವನ್ನು ಕಳೆದುಕೊಂಡೊಡನೆ ಪುರೋಹಿತನು ತನ್ನ ಮಂತ್ರಗಳನ್ನು ಅವನ ಗಾಯಕ್ಕೆ ಸುರಿಯಬೇಕು. ಅಲ್ಲದಿದ್ದರೆ ಎಲ್ಲರೂ ಮಲಗಿ ಏಳುವುದು. ಐದನೆಯ ಆವೃತ್ತಿಯಲ್ಲಿ ಎಂಟು ಗಂಟೆಗಳ ದೀರ್ಘ ವಿಶ್ರಾಂತಿಯಿಂದ ಕಳೆದ ಪ್ರಾಣಾಂಶಗಳೆಲ್ಲವೂ ಮರಳಿಬರುವುವು. ಕೊಳ್ಳುವವನು ಒಬ್ಬ, ಹಣ ಕೊಡುವವನು ಇನ್ನೊಬ್ಬ. ಇಂಥ ಸಂತೆಯಲ್ಲಿ ಯಾರು ತಾನೆ ಮಿತವಾಗಿ ಕೊಂಡಾರು? ದಿನದ ಮಿತಿಯೂ ಹೀಗೆಯೇ ಜಾರತಕ್ಕದ್ದು. ೨೦೧೪ರ ಕೈಪಿಡಿಯು ದಿನವೊಂದಕ್ಕೆ ಆರರಿಂದ ಎಂಟು ಸಾಧಾರಣ ಅಥವಾ ಕಠಿನ ಸಂಘರ್ಷಗಳನ್ನು ತಡೆಯಬಲ್ಲ ತಂಡವನ್ನು ಭಾವಿಸಿ ಲೆಕ್ಕಹಾಕಿದೆ. ದಿನಕ್ಕೊಂದೇ ಕಾಳಗ ನಡೆಯುವ ಮನೆಯಲ್ಲಿ ದಿನಕ್ಕೊಮ್ಮೆ ಎಂಬ ಕಟ್ಟು ಕಟ್ಟೇ ಅಲ್ಲ. ಇದಕ್ಕೆ ಪ್ರತಿಯಾಗಿ ಅದೇ ಆವೃತ್ತಿಯ ಏಕಾಗ್ರತೆಯ ನಿಯಮವನ್ನು ನೋಡಿರಿ. ಏಕಾಗ್ರತೆಯನ್ನು ಬೇಡುವ ಮಂತ್ರಗಳಲ್ಲಿ ಒಂದು ಕಾಲಕ್ಕೆ ಒಂದನ್ನು ಮಾತ್ರ ಹಿಡಿದಿರಬಹುದು. ಪೆಟ್ಟು ಬಿದ್ದರೆ ದಾಳವನ್ನುರುಳಿಸಿ ಗೆದ್ದಲ್ಲದೆ ಅದೂ ಉಳಿಯದು. ಈ ಬೆಲೆಯನ್ನು ಮಾಂತ್ರಿಕನು ಮತ್ತೊಬ್ಬನ ತಲೆಯ ಮೇಲೆ ಹೊರಿಸಲಾರನು. ಒಂದನ್ನು ಬಯಸಿದರೆ ಇನ್ನೊಂದನ್ನು ಬಿಡತಕ್ಕವನು ಅವನೇ.

ಅದ್ಭುತವಾದಿಗಳಿಗೆ ಉತ್ತರವು ಉಳಿದಿದೆ. ಕಟ್ಟಳೆಯಿಂದ ಅದ್ಭುತವು ಸಾಯುವುದೆನ್ನುವವರು ಭಾರತದ ಕಥೆಯನ್ನು ಮರೆತಿರಬೇಕು. ಇಂದ್ರನು ಕರ್ಣನಿಗೆ ಶಕ್ತ್ಯಾಯುಧವನ್ನು ಕೊಟ್ಟುದು ಒಂದೇ ಸಲದ ಪ್ರಯೋಗಕ್ಕೆ. ಅರ್ಜುನನಿಗೆಂದು ಅವನು ಕಾಪಾಡಿಕೊಂಡಿದ್ದ ಅದನ್ನು ಘಟೋತ್ಕಚನ ಮೇಲೆ ಬಿಡಬೇಕಾಗಿ ಬಂದಿತು. ದಿನಕ್ಕೆ ಹತ್ತು ಸಲ ಬಿಡತಕ್ಕ ಆಯುಧವಾಗಿದ್ದರೆ ಆ ರಾತ್ರಿಯ ಯುದ್ಧದಲ್ಲಿ ಕೇಳುವವರ ಎದೆ ಏತಕ್ಕೆ ಝಲ್ಲೆನ್ನುತ್ತಿದ್ದಿತು? ಮಿತಿಯಿಲ್ಲದ ವರಕ್ಕೆ ಭಸ್ಮಾಸುರನೇ ಸಾಕ್ಷಿ, ಕೊಟ್ಟವನೇ ಓಡಬೇಕಾಯಿತು. ಮಂತ್ರವನ್ನು ಅಳತೆಯಿಲ್ಲದೆ ಕೊಟ್ಟು, ಮೂರನೆಯ ಕೂಟದಲ್ಲಿ ಹಿಂದಕ್ಕೆ ಕಿತ್ತುಕೊಳ್ಳುವ ಸೂತ್ರಧಾರನ ಪಾಡೂ ಅದೇ. ಆತನ ಆಗಿನ ಇಚ್ಛೆಯೇ ನಿಯಮವಾದಲ್ಲಿ ಗೆಲ್ಲುವವನು ಗಟ್ಟಿಯಾಗಿ ವಾದಿಸುವವನು, ಸೋಲುವವನು ಸಂಕೋಚಸ್ವಭಾವದವನು. ಅದ್ಭುತದ ಹೆಸರಿನಲ್ಲಿ ನಡೆಯುವ ಈ ಅನ್ಯಾಯವನ್ನು ಸಣ್ಣದೆನ್ನಲಾಗದು.

ಆದುದರಿಂದ ಹೊಸ ಮಂತ್ರವನ್ನು ಕಲ್ಪಿಸುವವನು ನಾಲ್ಕು ಪ್ರಶ್ನೆಗಳಿಗೆ ಉತ್ತರವನ್ನು ಬರೆದಿಡಲಿ. ಒಂದು, ಇದು ಯಾರ ಕೆಲಸವನ್ನು ಕಸಿದುಕೊಳ್ಳುವುದು? ಎರಡು, ಇದರ ಬೆಲೆಯೇನು, ಅದನ್ನು ಪ್ರಯೋಗಿಸಿದವನೇ ತೆರುವನೆ? ಮೂರು, ದಿನವೂ, ಪ್ರತಿ ಬಾಗಿಲಿನಲ್ಲಿಯೂ, ಪ್ರತಿ ಕಾಳಗದಲ್ಲಿಯೂ ಇದನ್ನೇ ಹೇಳಿದರೆ ಕಥೆಯು ಉಳಿಯುವುದೆ? ನಾಲ್ಕು, ಈಗಾಗಲೆ ಇರುವ ಮಂತ್ರಗಳೊಡನೆ ಕೂಡಿದರೆ ಇದು ಏನಾಗುವುದು? ಹೆತ್ತವರಿಗೆ ಹೆಗ್ಗಣ ಮುದ್ದು. ಆದಕಾರಣ ಉತ್ತರಗಳನ್ನು ಓದಿ ಒಪ್ಪತಕ್ಕವನು ಮಂತ್ರವನ್ನು ಕಲ್ಪಿಸಿದವನಲ್ಲ, ಅದರಿಂದ ಸ್ಥಾನವನ್ನು ಕಳೆದುಕೊಳ್ಳಬಹುದಾದ ಆಟಗಾರ. ಮೂರು ಕೂಟಗಳ ಪರೀಕ್ಷೆಯ ಬಳಿಕ ನಿಯಮವನ್ನು ತಿದ್ದಲಾಗುವುದೆಂದು ಮೊದಲೇ ಎಲ್ಲರೆದುರು ಹೇಳಿಬಿಡಲಿ. ಹೇಳದೆ ಪರೀಕ್ಷಿಸುವುದು ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡಿದಂತೆ.

ಇದೆಲ್ಲ ಬರಿಯ ಆಟ, ಇಷ್ಟು ವಾದವೇತಕ್ಕೆಂದು ಕೆಲವರು ನಗಬಹುದು. ದುಡಿದು ದಣಿದ ಐದು ಮಂದಿ ವಾರಕ್ಕೊಂದು ಸಂಜೆಯನ್ನು ಬಿಡುವು ಮಾಡಿಕೊಂಡು ಬಂದು ಕೂಡುತ್ತಾರೆ. ಅವರಲ್ಲೊಬ್ಬನು ನಾಲ್ಕು ಗಂಟೆಗಳ ಹೊತ್ತು ಮತ್ತೊಬ್ಬನ ಪ್ರತಾಪವನ್ನು ನೋಡುತ್ತ ದಾಳವನ್ನು ಕೈಯಲ್ಲಿ ಹೊರಳಿಸಿ ಹೊರಳಿಸಿ ಸುಮ್ಮನೆ ಎದ್ದುಹೋಗುತ್ತಾನೆ, ಮುಂದಿನ ವಾರ ಬರುವುದಿಲ್ಲ, ಕಾರಣವನ್ನೂ ಹೇಳುವುದಿಲ್ಲ. ಆ ಬರಿದಾದ ಕುರ್ಚಿಯ ಲೆಕ್ಕವು ಯಾವ ಕೋಷ್ಟಕದಲ್ಲಿಯೂ ಇಲ್ಲ. ಮಂತ್ರವನ್ನು ಕಲ್ಪಿಸುವವನು ಮೊದಲು ನೋಡತಕ್ಕದ್ದು ಅದನ್ನು.